ಕಿಣ್ವ ಸಾಯುವುದಿಲ್ಲ: ಆ ಒಂದು ಅಂಕದ ಬಗ್ಗೆ

ಪ್ರಿಯ ಪೋಷಕರೇ,

ವಿಜ್ಞಾನದ ಕಿರುಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂದ ಮೇಲೆ ನನಗೆ ಬಂದ ಫೋನ್‌ಗಳೆಲ್ಲ ಒಂದೇ ವಿಷಯಕ್ಕೆ. "ಕುದಿಸಿದರೆ ಕಿಣ್ವ ಸಾಯುತ್ತದೆ" ಅಂತ ಮಗು ಬರೆದಿದೆ, ಅಂಕ ಯಾಕೆ ಕಳೆದಿರಿ? ಕಳೆದದ್ದು ಸರಿಯೇ. ಆದರೆ ತಪ್ಪು ಮಕ್ಕಳದ್ದಲ್ಲ, ತರಗತಿಯಲ್ಲಿ ಮಾತಿನ ಭರದಲ್ಲಿ ನಾವೇ ಹಾಗೆ ಅಂದುಬಿಟ್ಟಿದ್ದೇವೆ.

ಜೀವ ಇದ್ದರಲ್ವಾ ಸಾಯೋದು? ಕಿಣ್ವ (ಎಂಜೈಮ್) ಅಂದರೆ ಜೀವಿಗಳೊಳಗಿನ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ವಸ್ತು, ಅಷ್ಟೇ. ಬಹುತೇಕ ಕಿಣ್ವಗಳು ಪ್ರೋಟೀನ್‌ಗಳು. ಅಮೈನೋ ಆಮ್ಲಗಳ ಉದ್ದನೆಯ ಸರಪಳಿ ಮಡಚಿ ಮಡಚಿ ಒಂದು ಆಕಾರಕ್ಕೆ ಬಂದಿರುತ್ತದೆ, ಅದರಲ್ಲೊಂದು ಪುಟ್ಟ ಗೂಡು. ಆ ಗೂಡಿಗೆ ಹೊಂದುವ ಅಣು ಬಂದು ಕೂರುತ್ತದೆ, ಒಡೆಯುತ್ತದೆ ಇಲ್ಲವೇ ಇನ್ನೊಂದರ ಜೊತೆ ಸೇರಿಕೊಳ್ಳುತ್ತದೆ, ಹೊರಟುಹೋಗುತ್ತದೆ. ಕಿಣ್ವ ಇದ್ದ ಹಾಗೇ ಉಳಿದು ಮುಂದಿನ ಅಣುವನ್ನು ಹಿಡಿಯುತ್ತದೆ. 1894ರಲ್ಲಿ ರಸಾಯನವಿಜ್ಞಾನಿ ಎಮಿಲ್ ಫಿಷರ್ ಇದನ್ನು ಬೀಗ ಮತ್ತು ಕೀಲಿಗೆ ಹೋಲಿಸಿದರು. (ಬೀಗ ಅಷ್ಟೇನೂ ಬಿಗಿ ಅಲ್ಲ, ಅಣು ಬಂದಾಗ ಗೂಡೂ ತುಸು ಬಾಗುತ್ತದೆ ಅಂತ ಆಮೇಲೆ ಗೊತ್ತಾಯಿತು.) ಕಿಣ್ವವಿಲ್ಲದೆಯೂ ಈ ಕ್ರಿಯೆಗಳು ನಡೆಯಬಹುದು. ಆದರೆ ಎಷ್ಟು ನಿಧಾನ ಅಂದರೆ, ನಮ್ಮ ದೇಹ ಕಾಯುತ್ತಾ ಕೂರುವಂತಿಲ್ಲ.

ಕುದಿಸಿದಾಗ ಆ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ, ಗೂಡು ಹೋಗುತ್ತದೆ. ಬೆಂದ ಮೊಟ್ಟೆಯ ಬಿಳಿ ಆರಿದ ಮೇಲೆ ಮತ್ತೆ ತೆಳ್ಳಗಾಗುತ್ತದೆಯೇ? ಇದೂ ಹಾಗೇ. ಮಕ್ಕಳು ಪ್ರಯೋಗದಲ್ಲಿ ನೋಡಿದ್ದೂ ಇದನ್ನೇ: ಹೈಡ್ರೋಜನ್ ಪೆರಾಕ್ಸೈಡ್‌ಗೆ ಹಸಿ ಆಲೂಗಡ್ಡೆ ಚೂರು ಹಾಕಿದರೆ ಬುಸಬುಸ ನೊರೆ, ಏಕೆಂದರೆ ಅದರಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಬೇಯಿಸಿದ ಚೂರು ಸುಮ್ನೆ ಬಿದ್ದಿತ್ತು. ತಣ್ಣಗಿಟ್ಟರೆ ಮಾತ್ರ ಬೇರೆ ಕಥೆ; ಕೆಲಸ ನಿಧಾನವಾಗುತ್ತದೆ, ಬೆಚ್ಚಗಾದರೆ ಮತ್ತೆ ಶುರು.

"ಸಾಯುತ್ತದೆ" ಅನ್ನುವ ಪದಕ್ಕೆ ನಾನು ಇಷ್ಟು ಜಗ್ಗಾಡುವುದಕ್ಕೆ ಕಾರಣ ಇದೆ. ಹುದುಗು ಬರಲು ಜೀವಂತ ಯೀಸ್ಟ್ ಬೇಕೇ ಬೇಕು ಅಂತ ದೊಡ್ಡ ದೊಡ್ಡವರೇ ನಂಬಿದ್ದರು. 1897ರಲ್ಲಿ ರಸಾಯನವಿಜ್ಞಾನಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು, ರಸ ಹಿಂಡಿ, ಒಂದೂ ಜೀವಕೋಶ ಉಳಿಯದ ಆ ರಸವೇ ಸಕ್ಕರೆಯನ್ನು ಮದ್ಯಸಾರ ಮಾಡುತ್ತದೆ ಎಂದು ತೋರಿಸಿದರು. ಕೆಲಸ ಮಾಡಿದ್ದು ರಸದಲ್ಲಿದ್ದ ಕಿಣ್ವಗಳು, ಜೀವವಲ್ಲ. ಅದಕ್ಕೆ 1907ರಲ್ಲಿ ನೊಬೆಲ್ ಬಂತು. ಅಂದಮೇಲೆ ಒಂದು ಅಂಕ ಜಾಸ್ತಿ ಆಯಿತೇ, ಹೇಳಿ!

ಆದರೂ ಕಲಿಸಿದವರು ನಾವೇ ಆದ್ದರಿಂದ ಈ ಸಲ ಆ ಅಂಕ ವಾಪಸ್. ವಾರ್ಷಿಕ ಪರೀಕ್ಷೆಯಲ್ಲಿ "ಆಕಾರ ಕೆಡುತ್ತದೆ" ಅಂತಲೇ ಬರೆಯಬೇಕು. ಮನೆಯಲ್ಲಿ ಪ್ರಯೋಗ ಮಾಡುತ್ತೇವೆ ಅಂದರೆ ಪೆರಾಕ್ಸೈಡ್ ಬಾಟಲಿ ನಿಮ್ಮ ಕೈಯಲ್ಲೇ ಇರಲಿ.

ನಿಮ್ಮ,
ಮುಖ್ಯ ಶಿಕ್ಷಕಿ