ಗೆಳೆಯನಿಗೊಂದು ಪತ್ರ: ಈ ಭಾನುವಾರ ಬಿಚ್ಚಬೇಡ

ಪ್ರೀತಿಯ ಗೆಳೆಯಾ,

ನಿನ್ನ ಪತ್ರವೂ ಫೋಟೊಗಳೂ ಬಂದವು. ಒಂದೊಂದು ಫೋಟೊವನ್ನೂ ದೊಡ್ಡದು ಮಾಡಿಕೊಂಡು ನೋಡಿದೆ. ನಿಮ್ಮಪ್ಪನ ಬೈಕು ಹನ್ನೆರಡು ವರ್ಷ ಮೂಲೆಯಲ್ಲಿ ನಿಂತಿತ್ತು ಅಂದಾಗ ನಾನು ಇದಕ್ಕಿಂತ ಕೆಟ್ಟ ಸ್ಥಿತಿ ಊಹಿಸಿಕೊಂಡಿದ್ದೆ. ಚಾಸಿ, ಅಂದರೆ ಗಾಡಿಯ ಚೌಕಟ್ಟು, ನೆಟ್ಟಗಿದೆ. ಎಂಜಿನ್ನನ್ನು ತಣ್ಣಗಿಡುವ ಫಿನ್, ಆ ತೆಳು ಪಟ್ಟಿಗಳು, ಒಂದೂ ಮುರಿದಿಲ್ಲ. ಟ್ಯಾಂಕಿನ ಎರಡೂ ಕಡೆ ನಿಮ್ಮಪ್ಪನ ಮೊಣಕಾಲು ತಾಗಿ ತಾಗಿ ಬಣ್ಣ ಸವೆದಿದೆಯಲ್ಲ, ಆ ಫೋಟೊ ಬಿಟ್ಟು ಕಣ್ಣು ಸ್ವಲ್ಪ ಹೊತ್ತು ಕದಲಲೇ ಇಲ್ಲ.

"ಈ ಭಾನುವಾರ ಪೂರ್ತಿ ಬಿಚ್ಚಿಬಿಡ್ತೀನಿ, ಹಿಂದಿನ ಚಾಸಿ ಕತ್ತರಿಸಿ ಕೆಫೆ ರೇಸರ್ ಮಾಡ್ತೀನಿ" ಅಂತ ಬರೆದಿದ್ದೀಯ. ಆ ತಗ್ಗು ಹ್ಯಾಂಡಲ್ಲಿನ, ರೇಸ್ ಥರದ ಗಾಡಿ ತಾನೇ? ದಯವಿಟ್ಟು ಬೇಡ ಮಾರಾಯ. ಮೊದಲು ಅದು ಇದ್ದ ಹಾಗೇ ಓಡಲಿ. ಒಂದೆರಡು ತಿಂಗಳು ನೀನೇ ಓಡಿಸು. ಏನು ಬದಲಿಸಬೇಕು ಅನ್ನೋದನ್ನು ಆಮೇಲೆ ನೋಡೋಣ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನನ್ನ ಮೊದಲ ಹಳೇ ಬೈಕನ್ನು ಎರಡೇ ದಿನದಲ್ಲಿ ಬಿಚ್ಚಿ ಹರಡಿದ್ದೆ. ಬಿಚ್ಚುವಾಗ ಎಂಥ ಹುಮ್ಮಸ್ಸು ಅಂತೀಯ! ಸಂಜೆ ಹೊತ್ತಿಗೆ ನಾಲ್ಕು ಡಬ್ಬ ತುಂಬಿದ್ದವು. ಆರು ತಿಂಗಳ ಮೇಲೆ ಜೋಡಿಸೋಕೆ ಕೂತರೆ ಯಾವ ವಾಷರ್ ಎಲ್ಲಿಯದು, ಯಾವ ಬೋಲ್ಟ್ ಯಾವ ತೂತಿನದು ಒಂದೂ ಗೊತ್ತಾಗಲಿಲ್ಲ. ಅದೂ ಹೋಗಲಿ. ಬಿಚ್ಚುವ ಮುಂಚೆ ಯಾವುದು ಸರಿ ಇತ್ತು, ಯಾವುದು ಕೆಟ್ಟಿತ್ತು ಅಂತಲೇ ನಾನು ನೋಡಿರಲಿಲ್ಲ. ಗೇರ್ ಎಲ್ಲ ಬೀಳ್ತಿತ್ತಾ? ಕ್ಲಚ್ ಬಿಡ್ತಿತ್ತಾ? ಎಂಜಿನ್ ಒಳಗೆ ಸದ್ದು ಇತ್ತಾ? ಯಾವುದಕ್ಕೂ ಉತ್ತರ ಇಲ್ಲ. ಆ ಗಾಡಿ ಓಡಲೇ ಇಲ್ಲ. ಡಬ್ಬಗಳ ಸಮೇತ ಬೇರೆಯವರಿಗೆ ಕೊಟ್ಟೆ. ಈಗಲೂ ನೆನಪಾದರೆ ಮನಸ್ಸು ಚುರ್ ಅನ್ನುತ್ತೆ. ನಿಮ್ಮಪ್ಪನ ಬೈಕಿಗೆ ಹಾಗಾಗಬಾರದು.

ಹಾಗಾದರೆ ಎಲ್ಲಿಂದ ಶುರು ಅಂತೀಯಾ? ಮೊದಲನೆಯದಾಗಿ, ಕಿಕ್ಕರ್ ಮೇಲೆ ಕಾಲಿಡಬೇಡ. ಇಷ್ಟು ವರ್ಷ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿರಬಹುದು. ಜೋರಾಗಿ ಒದ್ದರೆ ರಿಂಗ್ ಮುರಿಯುತ್ತೆ, ಮುರಿದ ಚೂರು ಗೋಡೆಯನ್ನು ಗೀರುತ್ತೆ. ಆಮೇಲೆ ಸಿಲಿಂಡರನ್ನು ರೀಬೋರ್ ಮಾಡಿಸಿ, ಅಂದರೆ ಒಳಗೆ ಕೊರೆದು ಅಗಲ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸದೆ ಬೇರೆ ದಾರಿ ಇಲ್ಲ. ಸ್ಪಾರ್ಕ್ ಪ್ಲಗ್ ಸುತ್ತ ಇರುವ ಧೂಳನ್ನು ಬ್ರಷ್‌ನಿಂದ ಚೆನ್ನಾಗಿ ತೆಗೆದು, ಪ್ಲಗ್ ಬಿಚ್ಚಿ, ಆ ತೂತಿನಿಂದ ಎರಡು ಮೂರು ಚಮಚ ತೆಳು ಎಣ್ಣೆ ಬಿಡು. ಮೂರು ದಿನ ಹಾಗೇ ಬಿಟ್ಟುಬಿಡು. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಅಲುಗಿಸು. ಟಾಪ್ ಗೇರಿನಲ್ಲಿ ಎಂಜಿನ್ನನ್ನು ಚಕ್ರದಿಂದ ತಿರುಗಿಸೋದು ಸುಲಭ. ಕೂದಲೆಳೆಯಷ್ಟು ಅಲುಗಾಡಿದರೂ ಸಾಕು, ಗೆದ್ದ ಹಾಗೆ. ಅಲುಗಲಿಲ್ಲ ಅಂದರೆ ಇನ್ನಷ್ಟು ಎಣ್ಣೆ, ಇನ್ನೊಂದು ವಾರ.

ಆ ಮೂರು ದಿನ ಕೈ ಸುಮ್ನೆ ಇರಲ್ಲ, ನನಗೆ ಗೊತ್ತು. ಫೋಟೊ ತೆಗಿ. ವೈರುಗಳು ಎಲ್ಲಿಂದ ಎಲ್ಲಿಗೆ ಹೋಗಿವೆ, ಕೇಬಲ್‌ಗಳು ಹ್ಯಾಂಡಲ್ಲಿನ ಎಡಕ್ಕೋ ಬಲಕ್ಕೋ, ಸ್ಪ್ರಿಂಗಿನ ಕೊಕ್ಕೆ ಯಾವ ಕಡೆಗೆ, ಎಲ್ಲವನ್ನೂ. ಮುಂದೆ ಬಿಚ್ಚುವ ಪ್ರತಿ ಭಾಗದ ಬೋಲ್ಟುಗಳಿಗೂ ಬೇರೆ ಬೇರೆ ಪುಟ್ಟ ಕವರ್ ಇಟ್ಟುಕೋ, ಮೇಲೆ ಹೆಸರು ಬರಿ. ಮತ್ತೆ, ನಿನ್ನದು ಜಪಾನಿ ಗಾಡಿ. ಅದರ ಎಂಜಿನ್ ಕವರಿನ ಸ್ಕ್ರೂಗಳು ನೋಡೋಕೆ ಸಾಧಾರಣ ಸ್ಟಾರ್ ಸ್ಕ್ರೂ ಥರ ಕಂಡರೂ ಅದಲ್ಲ. ಜೆಐಎಸ್ ಅನ್ನೋ ಜಪಾನಿ ಅಳತೆಯವು. ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರಲ್ಲ, ಜಾರಿ ತಲೆ ಸವೆಸಿಬಿಡುತ್ತೆ. ಸರಿಯಾದ ಬಿಟ್ ಹಾಕಿ, ಸುತ್ತಿಗೆಯಲ್ಲಿ ಹೊಡೆದರೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್‌ನಿಂದ ಒಂದು ಸುತ್ತಿಗೆ ಪೆಟ್ಟು ಕೊಟ್ಟರೆ ಎಷ್ಟು ಹಳೇ ಸ್ಕ್ರೂ ಆದರೂ ಸಾಮಾನ್ಯವಾಗಿ ಬಿಟ್ಟುಕೊಡುತ್ತೆ.

ಎಂಜಿನ್ ತಿರುಗಿತು ಅಂತಿಟ್ಟುಕೋ. ಹಳೇ ಆಯಿಲ್ ಇಳಿಸಿ ಹೊಸದು ಹಾಕು. ಇಳಿದದ್ದು ಹಾಲು ಹಾಕಿದ ಕಾಫಿ ಥರ ಇದ್ದರೆ ಒಳಗೆ ನೀರು ಸೇರಿದೆ ಅಂತ. ಆಗ ಸ್ವಲ್ಪ ಓಡಿದ ಮೇಲೆ ಇನ್ನೊಂದು ಸಲ ಬದಲಿಸಬೇಕು.

ಆಮೇಲೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ನಿಂತ ಗಾಡಿಗಳ ಅರ್ಧ ಕಾಯಿಲೆ ಅಲ್ಲೇ ಇರುತ್ತೆ. ನನ್ನ ಎರಡನೇ ಬೈಕು ಚೋಕ್ (ತಣ್ಣಗಿನ ಎಂಜಿನ್ನಿಗೆ ಪೆಟ್ರೋಲಿನ ಪಾಲು ಹೆಚ್ಚಿಸುವ ಲಿವರ್) ಎಳೆದರೆ ಸ್ಟಾರ್ಟ್ ಆಗ್ತಿತ್ತು, ಚೋಕ್ ಬಿಟ್ಟ ಕೂಡಲೇ ಸಾಯ್ತಿತ್ತು. ನಾನು ಪ್ಲಗ್ ಬದಲಿಸಿದೆ, ಪಾಯಿಂಟ್ ಉಜ್ಜಿದೆ, ಟೈಮಿಂಗ್ ನೋಡಿದೆ. ಊಹೂಂ. ಕೊನೆಗೆ ಕಾರ್ಬುರೇಟರಿನ ಕೆಳಗಿನ ಬಟ್ಟಲು ಬಿಚ್ಚಿದೆ. ಪೆಟ್ರೋಲ್ ಒಣಗಿ ಅಂಟಾಗಿ, ತಳದಲ್ಲಿ ಹಸಿರು ಮಿಶ್ರಿತ ಕಂದು ಪದರ ಕಟ್ಟಿತ್ತು. ಹಳೇ ವಾರ್ನಿಷ್ ವಾಸನೆ. ಪೈಲಟ್ ಜೆಟ್, ಅಂದರೆ ಎಂಜಿನ್ ನಿಧಾನಕ್ಕೆ ಓಡುವಾಗ ಪೆಟ್ರೋಲ್ ಬಿಡುವ ಪುಟ್ಟ ಹಿತ್ತಾಳೆ ನಳಿಗೆ, ಅದನ್ನು ಬಿಚ್ಚಿ ದೀಪಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದೆ. ಕತ್ತಲು. ಅದರ ತೂತು ಅರ್ಧ ಮಿಲಿಮೀಟರ್ ಕೂಡ ಇರಲ್ಲ ಕಣೋ, ಒಂದು ತೊಟ್ಟು ಅಂಟು ಸಾಕು ಮುಚ್ಚೋಕೆ. ರಾತ್ರಿಯಿಡೀ ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಹಳೇ ವೈರಿನಿಂದ ತಾಮ್ರದ ಒಂದೇ ಎಳೆ ತೆಗೆದು ಮೆಲ್ಲಗೆ ತೂರಿಸಿದೆ. ಮತ್ತೆ ದೀಪಕ್ಕೆ ಹಿಡಿದೆ. ಸೂಜಿಮೊನೆಯಷ್ಟು ಬೆಳಕು ಕಂಡಿತು. ಒಬ್ಬನೇ ಕೂತಿದ್ದರೂ ಜೋರಾಗಿ ಕೂಗಿಬಿಟ್ಟೆ. ಅವತ್ತು ಸಂಜೆ ಚೋಕ್ ಬಿಟ್ಟರೂ ಎಂಜಿನ್ ನಿಲ್ಲಲಿಲ್ಲ, ಟಪಟಪ ಅಂತ ಒಂದೇ ಲಯದಲ್ಲಿ ನಡೀತಾ ಇತ್ತು.

ಉಕ್ಕಿನ ತಂತಿ ಮಾತ್ರ ಜೆಟ್ಟಿನೊಳಗೆ ಹಾಕಬೇಡ, ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಪೆಟ್ರೋಲಿನ ಲೆಕ್ಕ ತಪ್ಪುತ್ತೆ. ಗಾಳಿ ಎಷ್ಟು ಬರಬೇಕು ಅಂತ ಹೊಂದಿಸುವ ಏರ್ ಸ್ಕ್ರೂ ಬಿಚ್ಚುವ ಮುಂಚೆ ಅದನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ ಎಷ್ಟು ಸುತ್ತು ಆಯ್ತು ಅಂತ ಬರೆದಿಟ್ಟುಕೋ. ವಾಪಸ್ ಹಾಕುವಾಗ ಅಷ್ಟೇ ಸುತ್ತು ಬಿಡಬೇಕು.

ಟ್ಯಾಂಕಿನ ಒಳಗಿನ ತುಕ್ಕಿಗೆ ಸಿಟ್ರಿಕ್ ಆಸಿಡ್ ಪುಡಿ ಸಾಕು. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಕರಗಿಸಿ ತುಂಬಿ ಒಂದು ದಿನ ಬಿಡು. ಹೊರಗಿನ ಬಣ್ಣದ ಮೇಲೆ ಬೀಳದ ಹಾಗೆ ನೋಡಿಕೋ. ಖಾಲಿ ಮಾಡಿದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ಆಮೇಲೆ ಬರೀ ನೀರಿನಲ್ಲಿ ತೊಳೆದು ಕೂಡಲೇ ಒಣಗಿಸು. ತಡ ಮಾಡಿದರೆ ಕಣ್ಣೆದುರೇ ಕೆಂಪು ತುಕ್ಕು ಮತ್ತೆ ಏಳುತ್ತೆ. ಒಣಗಿದ ಮೇಲೆ ಸ್ವಲ್ಪ ಎಣ್ಣೆ ಬಿಟ್ಟು ಒಳಗೆಲ್ಲ ಸುತ್ತಾಡಿಸು. ತುಕ್ಕು ಹೋದ ಜಾಗದಲ್ಲಿ ತೂತು ಕಂಡರೆ ನೀನೇ ವೆಲ್ಡಿಂಗಿಗೆ ಕೈ ಹಾಕಬೇಡ. ಪೆಟ್ರೋಲ್ ಖಾಲಿಯಾದ ಟ್ಯಾಂಕಿನಲ್ಲೂ ಆವಿ ಉಳಿದಿರುತ್ತೆ, ಅದು ಸಿಡಿಯುತ್ತೆ. ಇದರಲ್ಲಿ ಧೈರ್ಯ ತೋರಿಸಬಾರದು.

ನಿನ್ನ ಗಾಡಿಯ ಹೆಡ್‌ಲೈಟ್ ಯಾವಾಗಲೂ ಮಂಕಾಗಿತ್ತು ಅಂತ ಬರೆದಿದ್ದೀಯಲ್ಲ, ಅದು 6 ವೋಲ್ಟಿನ ಗಾಡಿ. 35 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಎಳೆದರೆ 6 ವೋಲ್ಟಿನಲ್ಲಿ ಸುಮಾರು 6 ಎಳೆಯುತ್ತೆ. ಕರೆಂಟ್ ಎರಡು ಪಟ್ಟಾದರೆ ತುಕ್ಕು ಹಿಡಿದ ಒಂದೊಂದು ಜಾಯಿಂಟಿನಲ್ಲೂ ಬಿಸಿಯಾಗಿ ಪೋಲಾಗೋದು ನಾಲ್ಕು ಪಟ್ಟು. ಆದ್ದರಿಂದ ಹೊಸ ವೈರಿಂಗ್ ಅಂತ ಹೋಗುವ ಮುಂಚೆ ಅರ್ಥ್ ವೈರು ಚಾಸಿಗೆ ಸೇರುವ ಜಾಗ ಹುಡುಕು, ಬಣ್ಣ ತುಕ್ಕು ಎಲ್ಲ ಕೆರೆದು ಲೋಹ ಹೊಳೆಯುವ ಹಾಗೆ ಮಾಡಿ ಮತ್ತೆ ಬಿಗಿ. ಆಮೇಲೆ ಲೈಟ್ ಹಾಕಿ ನೋಡು.

ಟೈರು ನೋಡೋಕೆ ಚೆನ್ನಾಗಿದ್ದರೂ ನಂಬಬೇಡ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2311 ಅಂತಿದ್ದರೆ 2011ರ 23ನೇ ವಾರ ತಯಾರಾದದ್ದು ಅಂತ. ಅಷ್ಟು ಹಳೇ ರಬ್ಬರ್ ಗಟ್ಟಿಯಾಗಿರುತ್ತೆ, ಒದ್ದೆ ರಸ್ತೆಯಲ್ಲಿ ಹಿಡಿಯಲ್ಲ. ಟೈರು, ಟ್ಯೂಬು, ಬ್ರೇಕ್ ಶೂ, ಕೇಬಲ್‌ಗಳು, ಇವಕ್ಕೆ ಯೋಚನೆ ಮಾಡದೆ ಹೊಸದು ಹಾಕು. ಬ್ರೇಕ್ ಡ್ರಮ್ಮಿನ ಧೂಳನ್ನು ಬಾಯಲ್ಲಿ ಊದಬೇಡ, ಏರ್ ಕೂಡ ಹೊಡೆಯಬೇಡ. ಹಳೇ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಕಟ್ಟಿ ಎಸೆದುಬಿಡು.

ಈಗ ನಿನ್ನ ಕೆಫೆ ರೇಸರ್ ವಿಷಯಕ್ಕೆ ಬರ್ತೀನಿ. 1950-60ರ ದಶಕಗಳಲ್ಲಿ ಇಂಗ್ಲೆಂಡಿನ ಹುಡುಗರು ಒಂದು ಕೆಫೆಯಿಂದ ಇನ್ನೊಂದಕ್ಕೆ ಬಿರುಸಾಗಿ ಓಡಿಸೋಕೆ ಅಂತ ಮಾಡಿಕೊಂಡ ಗಾಡಿ ಅದು. ಹ್ಯಾಂಡಲ್ ತಗ್ಗು, ಫುಟ್‌ರೆಸ್ಟ್ ಹಿಂದೆ, ಮೈಯೆಲ್ಲ ಟ್ಯಾಂಕಿನ ಮೇಲೆ. ಜೋರಾಗಿ ಹೋಗುವಾಗ ಎದೆಗೆ ಬಡಿಯುವ ಗಾಳಿ ನಮ್ಮ ಭಾರವನ್ನು ಸ್ವಲ್ಪ ಹೊರುತ್ತೆ. ನಿಧಾನಕ್ಕೆ ಹೋದರೆ ಅಷ್ಟೂ ಭಾರ ಮಣಿಕಟ್ಟಿನ ಮೇಲೆ ಬೀಳುತ್ತೆ. ನನಗೂ ಅದೇ ಆಸೆ ಇತ್ತು. ಆದರೆ ಎರಡನೇ ಬೈಕನ್ನು ಮೊದಲು ಇದ್ದ ಹಾಗೇ ಓಡಿಸಿದೆನಲ್ಲ, ಎರಡು ತಿಂಗಳಲ್ಲಿ ನನಗೆ ನಿಜಕ್ಕೂ ಬೇಕಾದದ್ದು ಬೇರೆ ಅಂತ ಗೊತ್ತಾಯ್ತು. ಹ್ಯಾಂಡಲ್ ಸ್ವಲ್ಪ ಅಗಲ ಕಡಿಮೆ ಇದ್ದರೆ ಸಾಕಿತ್ತು. ಸೀಟಿನ ಮುಂಭಾಗ ಎರಡು ಬೆರಳಷ್ಟು ತಗ್ಗಬೇಕಿತ್ತು, ಕಾಲು ನೆಲಕ್ಕೆ ಸರಿಯಾಗಿ ತಾಗೋಕೆ. ಅಷ್ಟೇ ಮಾಡಿದೆ. ಇವತ್ತಿಗೂ ಆ ಗಾಡಿ ಹತ್ತಿದರೆ ನನಗೇ ಅಳತೆ ಕೊಟ್ಟು ಹೊಲಿಸಿದ ಅಂಗಿ ತೊಟ್ಟ ಹಾಗಿರುತ್ತೆ.

ನಿನಗೆ ತಗ್ಗು ಹ್ಯಾಂಡಲ್ಲೇ ಬೇಕು ಅನ್ನಿಸಿದರೆ ಹಾಕು, ಬೋಲ್ಟ್ ಬಿಚ್ಚಿದರೆ ವಾಪಸ್ ಬರುವ ಕೆಲಸ ಅದು. ಹಾಕಿದ ಮೇಲೆ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡು. ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳಬಾರದು, ಕೇಬಲ್ ಬಿಗಿಯಾಗಿ ಎಂಜಿನ್ ತಾನಾಗಿ ರೇಸ್ ಆಗಬಾರದು. ಏರ್ ಫಿಲ್ಟರ್ ಡಬ್ಬ ಕಿತ್ತು ಬರೀ ಕೋನ್ ಫಿಲ್ಟರ್ ಹಾಕೋದು ಚಂದ ಕಾಣುತ್ತೆ ನಿಜ, ಆದರೆ ಗಾಳಿ ಜಾಸ್ತಿ ಹೋಗಿ ಪೆಟ್ರೋಲ್ ಸಾಲದೆ ಎಂಜಿನ್ ಬಿಸಿಯಾಗುತ್ತೆ. ಪ್ಲಗ್ಗಿನ ತುದಿ ಬೆಳ್ಳಗಾದರೆ ಅದೇ ಗುರುತು. ಆಗ ದೊಡ್ಡ ಜೆಟ್ ಹುಡುಕಿ ಮತ್ತೆ ಹೊಂದಿಸಬೇಕು.

ಚಾಸಿ ಕತ್ತರಿಸೋದು ಮಾತ್ರ ಬೇರೆ ಮಾತು. ಹಿಂದಿನ ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕೂರುವ ಜಾಗ ನೋಡಿದ್ದೀಯಲ್ಲ, ಕೂತವರ ಭಾರ, ರಸ್ತೆ ಗುಂಡಿಯ ಏಟು ಎಲ್ಲ ಅಲ್ಲಿಗೇ ಬರುತ್ತೆ. ಸೀಟಿನ ಕೆಳಗೆ ಸುತ್ತಿ ಬರುವ ಆ ಕೊಳವೆ ಎರಡೂ ಬದಿಯನ್ನು ಹಿಡಿದಿಟ್ಟಿದೆ. ಅದನ್ನು ಕತ್ತರಿಸಿ ಅಡ್ಡ ಏನೂ ಕೊಡದಿದ್ದರೆ ಹಿಂಭಾಗ ತಿರುಚುತ್ತೆ, ಬಿರುಕು ಬಿಡುತ್ತೆ. ಚಾಸಿ ನಂಬರಿನ ಮೇಲೆ ಗ್ರೈಂಡರ್ ಆಗಲಿ ಎಮರಿ ಆಗಲಿ ಓಡಿಸಬೇಡ, ಕಾಗದಪತ್ರದಲ್ಲಿ ಗಾಡಿಯ ಗುರುತು ಅದೇ. ಒಮ್ಮೆ ಕತ್ತರಿಸಿದ ಮೇಲೆ ನಿಮ್ಮಪ್ಪನ ಬೈಕು ವಾಪಸ್ ಬರಲ್ಲ ಕಣೋ. ಎರಡು ತಿಂಗಳು ಓಡಿಸಿದ ಮೇಲೂ ಬೇಕೇ ಬೇಕು ಅನ್ನಿಸಿದರೆ ಹೇಳು, ನಾನೇ ಬರ್ತೀನಿ. ಅಳತೆ ಹಾಕಿ, ಒಳ್ಳೆ ವೆಲ್ಡರ್ ಕೈಲಿ ಸರಿಯಾಗಿ ಮಾಡಿಸೋಣ.

ಬಣ್ಣದ್ದು ಒಂದು ಮಾತು. ನನ್ನ ಟ್ಯಾಂಕನ್ನು ಉಜ್ಜುವಾಗ ಮೇಲೆ ಕಪ್ಪು, ಅದರ ಕೆಳಗೆ ನೀಲಿ, ಎಲ್ಲಕ್ಕಿಂತ ಕೆಳಗೆ ಕಡುಗೆಂಪು ಸಿಕ್ಕಿತು. ಆ ಕೆಂಪಿನ ಮೇಲೆ ಕೂದಲಿನಷ್ಟು ತೆಳು ಚಿನ್ನದ ಗೆರೆ. ಗೆರೆ ತಿರುವಿನಲ್ಲಿ ಒಂಚೂರು ದಪ್ಪ ಆಗಿತ್ತು, ಅಲ್ಲಿ ಕುಂಚ ಒಂದು ಕ್ಷಣ ನಿಂತಿದೆ. ಕೈಯಲ್ಲೇ ಎಳೆದದ್ದು ಅಂತ ಆಗ ತಿಳಿಯಿತು. ಎಮರಿ ಪೇಪರ್ ಕೆಳಗಿಟ್ಟೆ. ಅಷ್ಟು ಭಾಗ ಹಾಗೇ ಉಳಿಸಿ ಸುತ್ತಲಿಗೆ ಅದೇ ಕೆಂಪು ಹೊಂದಿಸಿದೆ. ಬಣ್ಣದ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಅದನ್ನು ಮಾತ್ರ ಸ್ಪ್ರೇ ಬೂತ್ ಇರುವ ಪೇಂಟರ್ ಹತ್ತಿರ ಹೊಡೆಸಿದೆ. ಪೆಟ್ರೋಲ್ ಚೆಲ್ಲಿದರೂ ತಡೆಯುವ ಎರಡು ಡಬ್ಬದ್ದು ಬೆರೆಸಿ ಹೊಡೆಯುವ ಕ್ಲಿಯರ್‌ನಲ್ಲಿ ಐಸೊಸಯನೇಟ್ ಅನ್ನೋ ರಾಸಾಯನಿಕ ಇರುತ್ತೆ, ಅದು ಶ್ವಾಸಕೋಶಕ್ಕೆ ಕೆಟ್ಟದು. ಮಾಮೂಲಿ ಮಾಸ್ಕ್ ಹಾಕಿಕೊಂಡು ಮನೆಯಲ್ಲಿ ಹೊಡೆಯುವ ವಸ್ತು ಅಲ್ಲ ಅದು.

ನಿನ್ನ ಟ್ಯಾಂಕಿನ ಆ ಮೊಣಕಾಲಿನ ಗುರುತನ್ನು ಬಿಡು ಅಂತ ಕೇಳಿಕೊಳ್ತೀನಿ. ಅದರ ಮೇಲೆ ಬಣ್ಣ ಹೊಡೆಯಬೇಡ. ತೊಳೆದು, ಒಣಗಿಸಿ, ವ್ಯಾಕ್ಸ್ ಹಚ್ಚಿದರೆ ತುಕ್ಕು ಏರಲ್ಲ. ಆಗಾಗ ಹಚ್ಚುತ್ತಾ ಇರಬೇಕು, ಅಷ್ಟೇ. ಮೊದಲ ಸಲ ಓಡಿಸುವಾಗ ನಿನ್ನ ಮೊಣಕಾಲು ಸರಿಯಾಗಿ ಅಲ್ಲಿಗೇ ಬರುತ್ತಾ, ಸ್ವಲ್ಪ ಹಿಂದೆ ಬರುತ್ತಾ ನೋಡಿ ನನಗೆ ಬರಿ.

ಸದ್ಯಕ್ಕೆ ಪ್ಲಗ್ ಬಿಚ್ಚಿ ಎಣ್ಣೆ ಬಿಡು. ಬಿಚ್ಚಿದ ಪ್ಲಗ್ಗಿನ ತುದಿಯ ಫೋಟೊ ಹತ್ತಿರದಿಂದ ತೆಗೆದು ಕಳಿಸು. ಗುರುವಾರ ಹಿಂದಿನ ಚಕ್ರ ಅಲುಗಿಸಿದ ಕೂಡಲೇ ಫೋನ್ ಮಾಡು, ಎಷ್ಟು ಹೊತ್ತಾದರೂ ಪರವಾಗಿಲ್ಲ, ಎದ್ದಿರ್ತೀನಿ.

ನಿನ್ನ,
ಹಳೇ ಗೆಳೆಯ