ಬಿ.ಇಡಿ. ಓದಿದರೆ ಒಂದನೇ ತರಗತಿಗೆ ಪಾಠ ಮಾಡುವಂತಿಲ್ಲ

ಮಾನ್ಯರೇ,

ಪ್ರಾಥಮಿಕ ಶಾಲೆಯ ಕೆಲಸಕ್ಕೆಂದೇ ಬಿ.ಇಡಿ. ಮಾಡಿದ ಎಷ್ಟೋ ಮಂದಿಗೆ ಅರ್ಜಿ ಹಾಕುವಾಗಷ್ಟೇ ತೊಡಕು ಗೊತ್ತಾಗುತ್ತಿದೆ. 2023ರ ಆಗಸ್ಟ್‌ನ ಸುಪ್ರೀಂ ಕೋರ್ಟ್ ತೀರ್ಪಿನಂತೆ 1ರಿಂದ 5ನೇ ತರಗತಿಗೆ ಪಾಠ ಮಾಡಲು ಬಿ.ಇಡಿ. ಅರ್ಹತೆಯಲ್ಲ. ಪಿಯುಸಿ ಬಳಿಕ ಎರಡು ವರ್ಷದ ಡಿ.ಇಎಲ್‌.ಇಡಿ. (ಪ್ರಾಥಮಿಕ ಶಿಕ್ಷಕರ ತರಬೇತಿ ಡಿಪ್ಲೊಮಾ; ಹಿಂದೆ ಟಿಸಿಎಚ್ ಇತ್ತು) ಬೇಕು. ತೀರ್ಪು ಸರಿಯಾಗಿಯೇ ಇದೆ: ಅಕ್ಷರ ತಿದ್ದಿಸುವುದು, ಕಡ್ಡಿಗಳನ್ನು ಹತ್ತರ ಕಟ್ಟು ಕಟ್ಟಿಸಿ ಬಿಡಿ-ಹತ್ತು ಕಲಿಸುವುದು ಪ್ರತ್ಯೇಕ ತರಬೇತಿ ಬೇಡುವ ಕೆಲಸ.

ಆಮೇಲೆ 1ರಿಂದ 5ನೇ ತರಗತಿಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪತ್ರಿಕೆ-1: ಐದು ವಿಭಾಗ, ತಲಾ 30 ಅಂಕ, ಸಾಮಾನ್ಯ ವರ್ಗದವರಿಗೆ 150ಕ್ಕೆ 90 ಬರಬೇಕು. ಬಿ.ಇಡಿ.ಯವರಿಗೆ ಉಳಿಯುವುದು 6ರಿಂದ 8ನೇ ತರಗತಿಯ ಪತ್ರಿಕೆ-2. ಅಲ್ಲಿ ಪದವಿಯಲ್ಲಿ ಓದಿದ ವಿಷಯವೂ ಹುದ್ದೆಗೆ ಹೊಂದಬೇಕು. ಟಿಇಟಿ ಪಾಸಾದರೆ ನೌಕರಿ ಸಿಕ್ಕಂತಲ್ಲ.

ಇದನ್ನೆಲ್ಲ ದ್ವಿತೀಯ ಪಿಯುಸಿ ತರಗತಿಯಲ್ಲೇ ತಿಳಿಸಲು ಇಲಾಖೆ ಏರ್ಪಾಡು ಮಾಡಲಿ.

– ನಿವೃತ್ತ ಶಿಕ್ಷಕರು, ಧಾರವಾಡ