ಕೂಲೆಂಟ್‌ಗೆ ಬಿಲ್ ಹಾಕಿ ಬರೀ ನೀರು ತುಂಬಿದ ಬಗ್ಗೆ ದೂರು

ಗ್ಯಾರೇಜ್ ಮಾಲೀಕರಿಗೆ,
ಕಲಬುರಗಿ

ನಮಸ್ಕಾರ.

ಫೋನ್ ಮಾಡಿ ಮಾಡಿ ಸಾಕಾಯಿತು. "ಸಾಹೇಬ್ರು ಹೊರಗ ಹೋಗ್ಯಾರ" ಅನ್ನುವ ಉತ್ತರ ಬಿಟ್ಟು ಬೇರೇನೂ ಸಿಗಲಿಲ್ಲ. ಅದಕ್ಕೇ ಸ್ಪೀಡ್ ಪೋಸ್ಟ್‌ನಲ್ಲಿ ಈ ಪತ್ರ.

ಗಾಡಿ ಬಿಸಿಯಾಗುತ್ತಿದೆ ಎಂದು ಮೇ ತಿಂಗಳಲ್ಲಿ ನಿಮ್ಮಲ್ಲಿಗೆ ತಂದಿದ್ದೆ. ವಾಟರ್ ಪಂಪ್ ಬದಲಿಸಿದಿರಿ. ಬಿಲ್ಲಿನಲ್ಲಿ ಪಂಪ್, ಹೋಸ್ ಪೈಪ್, ಎಂಜಿನ್ ತಣ್ಣಗಿಡುವ ಕೂಲೆಂಟ್ 3 ಲೀಟರ್, ಲೇಬರ್, ಮೇಲೆ ಜಿಎಸ್‌ಟಿ. ಚೌಕಾಸಿ ಮಾಡದೆ ಪೂರ್ತಿ ಕೊಟ್ಟೆ. ಮರುವಾರವೇ ಅವ್ವನನ್ನು ಜೇವರ್ಗಿಗೆ ಕರೆದುಕೊಂಡು ಹೊರಟಿದ್ದೆ. ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ದಾಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ಟಿನಿಂದ ಹಬೆ. ತಕ್ಷಣ ನಿಲ್ಲಿಸಿದೆ. 40 ಡಿಗ್ರಿ ದಾಟಿದ ಬಿಸಿಲು, ನೆರಳಿಗೆ ಒಂದು ಗಿಡ ಇಲ್ಲ. ಬಿಪಿ ಇರುವ ಅವ್ವ ತಲೆ ಮೇಲೆ ಸೆರಗು ಹೊದ್ದು ರಸ್ತೆ ಬದಿ ಕೂತಿದ್ದಳು.

ಜೇವರ್ಗಿಯಿಂದ ಮಿಸ್ತ್ರಿ ಒಬ್ಬರು ಬಂದು ನೋಡಿದರು. ನೀವು ಹಾಕಿದ ಹೋಸ್ ಪೈಪಿನ ಕ್ಲಿಪ್ ಬೆರಳಲ್ಲೇ ತಿರುಗುತ್ತಿತ್ತು. ಟ್ಯಾಂಕಿನಲ್ಲಿ ಉಳಿದದ್ದು ಬಣ್ಣವೇ ಇಲ್ಲದ ನೀರು. ಬರೀ ನೀರು ಕೂಲೆಂಟ್‌ಗಿಂತ ಬೇಗ ಕುದಿಯುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರಾದರಂತೂ ರೇಡಿಯೇಟರ್ ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ. ಗ್ಯಾರೇಜ್ ನಡೆಸುವವರಿಗೆ ಇದನ್ನು ನಾನು ಹೇಳಬೇಕಾ? ಈಗ ಆ ಬಿಸಿಗೆ ಎಂಜಿನ್ನಿನ ಒಳಗಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಸುಟ್ಟಿದೆ.

ಇಷ್ಟಾದರೂ ನಾನು ಜಗಳಕ್ಕೆ ಬರಲಿಲ್ಲ. ಬಿಲ್ ಹಿಡಿದು ಕೌಂಟರ್ ಮುಂದೆ ನಿಂತೆ. ನಿಮ್ಮ ಸೂಪರ್‌ವೈಸರ್ ಮೊಬೈಲ್ ನೋಡುತ್ತಲೇ ಕೇಳಿದ, "ಗಾಡಿ ಯಾರ್ ಓಡಸ್ತಾರ್ರಿ?" ನಾನೇ ಎಂದೆ. ಆಗ ತಲೆ ಎತ್ತಿದ. "ಅದಕ್ಕ ಮತ್ತ! ಹಾಫ್ ಕ್ಲಚ್‌ನಾಗ ಓಡಿಸಿರಬೇಕ್ ನೀವು." ಕ್ಲಚ್‌ಗೂ ಪೈಪಿನ ಕ್ಲಿಪ್‌ಗೂ ಏನು ಸಂಬಂಧ ಎಂದು ಕೇಳಿದೆ. ಅವನು ಬೆಂಚಿನ ಮೇಲಿದ್ದ ಗಿರಾಕಿಗಳ ಕಡೆ ತಿರುಗಿದ. "ಮೇಡಂ, ಇದೆಲ್ಲ ನಿಮಗ ತಿಳಿಯಂಗಿಲ್ಲ. ಮನ್ಯಾಗ ಗಂಡಸರು ಯಾರಾರ ಇದ್ರ ಕಳಸ್ರಿ, ಅವರಿಗಿ ಹೇಳ್ತೀನಿ." ಎಲ್ಲರೂ ನಕ್ಕರು. ಚಹಾ ತಂದ ಹುಡುಗ ಸಹ ನಕ್ಕ. ಆ ಗಾಡಿ ನನ್ನ ಹೆಸರಲ್ಲಿದೆ. ಕಂತು ಕಟ್ಟುವುದೂ ನಾನೇ. ಹಳೆ ಪಂಪ್ ಎಲ್ಲಿ ಎಂದರೆ "ಗುಜರಿಗಿ ಹೋಯ್ತು" ಎಂದ. ಬದಲಿಸಿದ ಪಾರ್ಟ್ ಗಿರಾಕಿಗೆ ವಾಪಸ್ ಎಂಬ ಬೋರ್ಡ್ ಅವನ ತಲೆ ಮೇಲೆಯೇ ಇತ್ತು. ಮಾಡಿದ ಕೆಲಸಕ್ಕೆ 30 ದಿನ ಗ್ಯಾರಂಟಿ ಎಂದು ಬಿಲ್ಲಿನ ಹಿಂದೆ ಇದೆ. ನೀವೇ ಬರೆಸಿದ್ದು, ಅಲ್ವಾ?

ಗ್ಯಾಸ್ಕೆಟ್ ಕೆಲಸದ ಖರ್ಚು ನೀವು ಕೊಡಬೇಕು. ಕೆಲಸ ಮಾತ್ರ ಬೇರೆ ಗ್ಯಾರೇಜಿನಲ್ಲಿ ಮಾಡಿಸುತ್ತೇನೆ, ನಿಮ್ಮ ಕೈಗೆ ಗಾಡಿ ಕೊಡುವುದಿಲ್ಲ. ಕೂಲೆಂಟ್ ದುಡ್ಡು ವಾಪಸ್ ಬರಬೇಕು. ಆ ಸೂಪರ್‌ವೈಸರ್ ಅದೇ ಕೌಂಟರಿನಲ್ಲಿ, ಗಿರಾಕಿಗಳು ಇರುವಾಗಲೇ, ನನ್ನ ಕ್ಷಮೆ ಕೇಳಬೇಕು. ಇದರಲ್ಲಿ ಒಂದನ್ನೂ ಬಿಡುವುದಿಲ್ಲ.

15 ದಿನ ಕಾಯುತ್ತೇನೆ. ಆಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನನ್ನಂಥವರ ಸಣ್ಣ ಮೊತ್ತದ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನೀರಿನ ಫೋಟೋ, ಕ್ಲಿಪ್ಪಿನ ವಿಡಿಯೋ, ಮಿಸ್ತ್ರಿ ಬರೆದುಕೊಟ್ಟ ಚೀಟಿ ಎಲ್ಲ ಇಟ್ಟುಕೊಂಡಿದ್ದೇನೆ. ರಿಪೇರಿ ಖರ್ಚಿನ ಜೊತೆ ಅವ್ವ ಪಟ್ಟ ಪಾಡಿಗೂ ನನಗಾದ ಅವಮಾನಕ್ಕೂ ಪರಿಹಾರ ಕೇಳುತ್ತೇನೆ. ನೋಟಿಸ್ ಕೈಗೆ ಬಂದ ಮೇಲೆ ರಾಜಿ ಮಾಡಿಕೊಳ್ಳೋಣ ಎಂದು ಫೋನ್ ಮಾಡಬೇಡಿ, ಎತ್ತುವುದಿಲ್ಲ.

ಇತಿ,
ಗಾಡಿಯ ಒಡತಿ